ರಕ್ತದ ವರದಿ ನೆಗೆಟಿವ್ ಬಂದರೆ ಆ್ಯಂಟಿಬಯೋಟಿಕ್ ನುಂಗಬಹುದಾ?

ಪ್ರಶ್ನೆ: ನನಗೆ 38 ವರ್ಷ. ರಾಜಾಜಿನಗರದಲ್ಲಿದ್ದೇವೆ. ಚಿಕ್ಕವಳಿದ್ದಾಗ ಹಾಸನದಲ್ಲಿ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಮೈಮೇಲೆ ಏನೋ ಎದ್ದಿತ್ತಂತೆ. ‘ನಿನಗೆ ಪೆನಿಸಿಲಿನ್ ಆಗಲ್ಲ, ಎಲ್ಲಿ ಹೋದರೂ ಹೇಳು’ ಎಂದು ಅಮ್ಮ ಇವತ್ತಿಗೂ ಎಚ್ಚರಿಸುತ್ತಾರೆ. ಮೂರು ವರ್ಷದ ಹಿಂದೆ ಹಲ್ಲು ಕೀಳಿಸಿದಾಗ ಅದನ್ನು ಹೇಳಲು ಮರೆತೆ. ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆ, ಜೊತೆಗೆ ನೋವಿಗೆ ಡೈಕ್ಲೋಫೆನಾಕ್ ಬರೆದುಕೊಟ್ಟರು. ಅವತ್ತು ರಾತ್ರಿ ಊಟ ಆದ ಮೇಲೆ ಎರಡನ್ನೂ ನುಂಗಿದೆ. ಮುಕ್ಕಾಲು ಗಂಟೆಗೆ ಅಂಗೈ ತುರಿಕೆ ಶುರುವಾಯಿತು. ಹೊಟ್ಟೆ, ಬೆನ್ನ ತುಂಬ ಗಂಧೆ ಎದ್ದು ಮೇಲ್ದುಟಿ ಊದಿಕೊಂಡಿತು. ಉಸಿರಾಟಕ್ಕೇನೂ ತೊಂದರೆ ಆಗಲಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿದರು, ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಆಮೇಲೆ ಡೋಲೋ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಿಲ್ಲ.

ಈಗ ಪಿತ್ತಕೋಶದ ಕಲ್ಲಿಗೆ ಎರಡು ತಿಂಗಳಲ್ಲಿ ಆಪರೇಷನ್ ಇದೆ. ಲ್ಯಾಬ್‌ನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹತ್ತಾರು ಔಷಧಿಗಳ ಅಲರ್ಜಿ ಪ್ಯಾನೆಲ್ ಮಾಡಿಕೊಟ್ಟರು. ಪೆನಿಸಿಲಿನ್, ಅಮಾಕ್ಸಿಸಿಲಿನ್ ಎರಡೂ ನೆಗೆಟಿವ್. ಸಿಪ್ರೊಫ್ಲಾಕ್ಸಾಸಿನ್ ಪಾಸಿಟಿವ್! ಹೋದ ವರ್ಷ ಉರಿಮೂತ್ರಕ್ಕೆ ಅದನ್ನೇ ಐದು ದಿನ ನುಂಗಿದ್ದೆ, ಏನೂ ಆಗಿರಲಿಲ್ಲ. ಒಟ್ಟು ಐಜಿಇ 640 ಅಂತ ಇದೆ. ನನಗೆ ಧೂಳಿನ ಅಲರ್ಜಿ, ವರ್ಷಪೂರ್ತಿ ಸೀನು. ಈ ವರದಿ ನಂಬಬಹುದಾ? ಆಸ್ಪತ್ರೆಯಲ್ಲಿ ‘ಟೆಸ್ಟ್ ಡೋಸ್ ಹಾಕಿ ನೋಡ್ತೀವಿ ಬಿಡಿ’ ಅನ್ನುತ್ತಾರೆ, ಅಷ್ಟು ಸಾಕಾ? ಮಗನಿಗೆ 6 ವರ್ಷ. ಜ್ವರಕ್ಕೆ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಾಗ ಐದನೇ ದಿನ ಮೈಮೇಲೆ ಕೆಂಪು ಚುಕ್ಕೆ ಬಂದಿದ್ದವು. ತುರಿಕೆ ಇರಲಿಲ್ಲ. ನನ್ನಿಂದ ಅವನಿಗೂ ಬಂದಿದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲಿದೆ. ‘ರಾತ್ರಿ ಊಟ ಆದ ಮೇಲೆ ಎರಡನ್ನೂ ನುಂಗಿದೆ, ಮುಕ್ಕಾಲು ಗಂಟೆಗೆ ಅಂಗೈ ತುರಿಕೆ.’ ಆ ಲ್ಯಾಬ್ ವರದಿಯ ಎಲ್ಲ ಪುಟಗಳಿಗಿಂತ ಈ ಒಂದು ಸಾಲು ನನಗೆ ಜಾಸ್ತಿ ಹೇಳುತ್ತದೆ. ಏನು ನುಂಗಿದಿರಿ, ಎಷ್ಟು ಹೊತ್ತಿಗೆ ಶುರುವಾಯಿತು, ಮೈಮೇಲೆ ಏನು ಕಂಡಿತು, ಎಷ್ಟು ಹೊತ್ತಿಗೆ ಇಳಿಯಿತು. ಔಷಧಿ ಅಲರ್ಜಿಯಲ್ಲಿ ಮೊದಲ ಪರೀಕ್ಷೆ ಇದೇ. ಬಹಳ ಜನಕ್ಕೆ ಇಷ್ಟು ನೆನಪಿರುವುದಿಲ್ಲ. ನಿಮಗಿದೆ, ಒಳ್ಳೆಯದಾಯಿತು.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮಂಪರು ಕೊಟ್ಟು ಮಲಗಿಸಿದ ಮೇಲೆ ಏನಾದರೂ ಆದರೆ ಬಾಯಿಬಿಟ್ಟು ಹೇಳುವುದಕ್ಕೂ ಆಗುವುದಿಲ್ಲವಲ್ಲ ಎಂಬ ಭಯ. ಅದಕ್ಕೇ ಒಂದು ಕಾಗದ ಕೈಯಲ್ಲಿರಲಿ ಎಂದು ರಕ್ತ ಕೊಟ್ಟಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಾಗದ ಏನು ಹೇಳಬಲ್ಲದು, ಏನು ಹೇಳಲಾರದು ಎನ್ನುವುದನ್ನು ಬಿಡಿಸಿ ನೋಡೋಣ.

ಪೆನಿಸಿಲಿನ್ ಬಹಳ ಪುಟ್ಟ ಅಣು. ಅದು ಒಂಟಿಯಾಗಿದ್ದರೆ ನಮ್ಮ ರಕ್ಷಣಾ ವ್ಯವಸ್ಥೆ ಅದನ್ನು ಗಮನಿಸುವುದೂ ಇಲ್ಲ. ಮೈಯೊಳಗೆ ಹೋಗಿ ನಮ್ಮದೇ ಪ್ರೋಟೀನಿಗೆ ಅಂಟಿಕೊಂಡ ಮೇಲೆ ಅದು ಹೊರಗಿನವರ ಹಾಗೆ ಕಾಣಿಸುತ್ತದೆ. ಕೆಲವರ ದೇಹ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಈ ಐಜಿಇ ರಕ್ತದಲ್ಲಿ ಉಳಿಯುವುದು ಎರಡು ಮೂರು ದಿನ ಅಷ್ಟೇ. ಅದರ ನಿಜವಾದ ಠಿಕಾಣಿ ಚರ್ಮ, ಗಂಟಲು, ಕರುಳಿನಲ್ಲಿರುವ ಮಾಸ್ಟ್ ಕೋಶಗಳು. ಅಲ್ಲಿ ವಾರಗಟ್ಟಲೆ ಅಂಟಿಕೊಂಡು ಕೂತಿರುತ್ತದೆ. ಮತ್ತೆ ಅದೇ ಔಷಧಿ ಬಂದಾಗ ಆ ಕೋಶಗಳು ಒಡೆದು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಯುತ್ತವೆ. ನಮ್ಮ ಕಡೆ ಪಿತ್ತದ ಗಂಧೆ ಎಂದು ಕರೆಯುತ್ತೇವಲ್ಲ, ಆ ದಪ್ಪ ದಪ್ಪ ತುರಿಕೆಯ ಗಂಧೆ ಏಳುವುದು ಆಗಲೇ.

ರಕ್ತ ಪರೀಕ್ಷೆ ಹುಡುಕುವುದು ರಕ್ತದಲ್ಲಿ ತೇಲುವ ಐಜಿಇಯನ್ನು ಮಾತ್ರ. ಕೆ.ಆರ್. ಮಾರ್ಕೆಟ್ ಒಳಗೆ ಎಷ್ಟು ಹೂವಿದೆ ಎಂದು ತಿಳಿಯಲು ಹೊರಗಿನ ರಸ್ತೆಯಲ್ಲಿ ಹೋಗುವ ಬುಟ್ಟಿಗಳನ್ನು ಎಣಿಸಿದ ಹಾಗೆ ಅದು. ನಾಲ್ಕು ಬುಟ್ಟಿ ಕಂಡರೆ ಒಳಗೆ ಹೂವಿರಬೇಕು ಎನ್ನಬಹುದು. ಒಂದೂ ಕಾಣಲಿಲ್ಲ ಎಂದರೆ ಮಾರ್ಕೆಟ್ ಖಾಲಿ ಎಂದು ಹೇಳಲಾಗುವುದಿಲ್ಲ. ಪೆನಿಸಿಲಿನ್‌ಗೆ ನಿಜವಾಗಿ ಅಲರ್ಜಿ ಇರುವವರಲ್ಲೇ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಪರೀಕ್ಷೆ ನೆಗೆಟಿವ್ ಬರಬಹುದು. ರಿಯಾಕ್ಷನ್ ಆಗಿ ವರ್ಷಗಳು ಕಳೆದ ಹಾಗೆ ಈ ಸಾಧ್ಯತೆ ಇನ್ನೂ ಹೆಚ್ಚುತ್ತದೆ. ನಿಮ್ಮದು ಮೂರು ವರ್ಷ ಹಳೆಯದು.

ಹಾಗಾಗಿ ನಿಮ್ಮ ವರದಿಯಲ್ಲಿರುವ ‘ಅಮಾಕ್ಸಿಸಿಲಿನ್ ನೆಗೆಟಿವ್’ ಎಂಬುದನ್ನು ‘ಧೈರ್ಯವಾಗಿ ನುಂಗಿ’ ಎಂದು ಓದಬೇಡಿ. ದಯವಿಟ್ಟು ಮನೆಯಲ್ಲಿ ಕಾಲು ಮಾತ್ರೆ ನುಂಗಿ ನೋಡುವ ಸಾಹಸವನ್ನೂ ಮಾಡಬೇಡಿ. ಇದೇ ವರದಿಯಲ್ಲಿ ಅಮಾಕ್ಸಿಸಿಲಿನ್ ಪಾಸಿಟಿವ್ ಬಂದಿದ್ದರೆ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದೆ. ನಿಮ್ಮ ಅನುಭವಕ್ಕೂ ಅದಕ್ಕೂ ತಾಳೆಯಾಗುತ್ತಿತ್ತು.

ಇನ್ನು ಸಿಪ್ರೊಫ್ಲಾಕ್ಸಾಸಿನ್. ಹೋದ ವರ್ಷ ಐದು ದಿನ ನುಂಗಿ ಸುಮ್ನೆ ಇದ್ದಿರಿ ಅಲ್ವಾ? ನಿಮ್ಮ ದೇಹವೇ ಪರೀಕ್ಷೆ ಮಾಡಿ ಪಾಸು ಮಾಡಿಬಿಟ್ಟಿದೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಾಗಾದರೆ ಪಾಸಿಟಿವ್ ಯಾಕೆ ಬಂತು? ರಕ್ತದ ಐಜಿಇ ಪರೀಕ್ಷೆ ಒಂದಷ್ಟು ನಂಬಬಹುದಾದ ಮಟ್ಟಕ್ಕೆ ಬಂದಿರುವುದು ಬೆರಳೆಣಿಕೆಯ ಆ್ಯಂಟಿಬಯೋಟಿಕ್‌ಗಳಿಗೆ ಮಾತ್ರ. ಪೆನಿಸಿಲಿನ್ ಜಿ, ಪೆನಿಸಿಲಿನ್ ವಿ, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸೆಫಾಕ್ಲಾರ್, ಹೆಚ್ಚು ಕಡಿಮೆ ಇಷ್ಟೇ. ಪ್ಯಾನೆಲ್‌ನಲ್ಲಿ ಹತ್ತಾರು ಹೆಸರು ಅಚ್ಚಾಗಿವೆ ಎಂದ ಮಾತ್ರಕ್ಕೆ ಅಷ್ಟಕ್ಕೂ ನಂಬಲರ್ಹ ಪರೀಕ್ಷೆ ಇದೆ ಎಂದಲ್ಲ. ಮೇಲಾಗಿ ನಿಮ್ಮ ಒಟ್ಟು ಐಜಿಇಯೇ 640. ಧೂಳಿನ ಅಲರ್ಜಿ ಇರುವವರಲ್ಲಿ ಅದು ಏರಿರುವುದು ಸಾಮಾನ್ಯ. ನಮ್ಮ ಬೆಂಗಳೂರಿನಲ್ಲಿ ಹಾಸಿಗೆಯ ಧೂಳುಹುಳ, ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಎಲ್ಲ ಸೇರಿ ಎಷ್ಟು ಜನ ಬೆಳಿಗ್ಗೆ ಎದ್ದ ಕೂಡಲೇ ಸೀನುತ್ತಾರೆ ನೋಡಿ. ಒಟ್ಟು ಐಜಿಇ ಜಾಸ್ತಿ ಇದ್ದಾಗ ಸಂಬಂಧವಿಲ್ಲದ ಔಷಧಿಗೂ ಸಣ್ಣ ಮಟ್ಟದ ಪಾಸಿಟಿವ್ ತೋರಿಸಬಹುದು.

ಸಿಪ್ರೊಫ್ಲಾಕ್ಸಾಸಿನ್ ಗುಂಪಿನಲ್ಲಿ ಇನ್ನೊಂದು ವಿಶೇಷವಿದೆ. ಅದು ಕೆಲವರಲ್ಲಿ ಐಜಿಇಯ ಸಹಾಯವೇ ಇಲ್ಲದೆ ನೇರವಾಗಿ ಮಾಸ್ಟ್ ಕೋಶಗಳನ್ನು ಕೆರಳಿಸುತ್ತದೆ. ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್‌ನ ಡ್ರಿಪ್ ಬೇಗ ಓಡಿಸಿದಾಗ ಮುಖ, ಕುತ್ತಿಗೆ ಕೆಂಪಾಗುವುದೂ ಹೀಗೆಯೇ. ರಕ್ತದಲ್ಲಿ ಐಜಿಇ ಹುಡುಕುವ ಪರೀಕ್ಷೆಗೆ ಇವೆರಡೂ ಸಿಗುವುದಿಲ್ಲ.

ಈಗ ನಿಮ್ಮ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ, ನೀವು ಕೇಳದೇ ಇರುವ ವಿಷಯಕ್ಕೆ ಬರುತ್ತೇನೆ. ಅವತ್ತು ರಾತ್ರಿ ನೀವು ನುಂಗಿದ್ದು ಎರಡು ಮಾತ್ರೆ. ಮೂರು ವರ್ಷದಿಂದ ಬೈಸಿಕೊಳ್ಳುತ್ತಿರುವುದು ಒಂದೇ! ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳೂ ಇದೇ ರೀತಿ ಗಂಧೆ ಏಳಿಸುತ್ತವೆ, ತುಟಿ ಊದಿಸುತ್ತವೆ, ಅದೂ ಗಂಟೆಯೊಳಗೆ. ಹಲ್ಲು ಕೀಳಿಸಿದ ಮೇಲೆ ಆ್ಯಂಟಿಬಯೋಟಿಕ್ ಮತ್ತು ನೋವಿನ ಮಾತ್ರೆ ಜೋಡಿಯಾಗಿಯೇ ಬರುತ್ತವೆ. ಏನಾದರೂ ಆದರೆ ಜನ ತೋರಿಸುವುದು ಆ್ಯಂಟಿಬಯೋಟಿಕ್ ಕಡೆಗೆ. ಪರೀಕ್ಷೆ ಮಾಡಿ ನೋಡಿದಾಗ ನೋವಿನ ಮಾತ್ರೆ ಕಾರಣವಾಗಿದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಇದಕ್ಕೆ ಭರವಸೆಯ ರಕ್ತ ಪರೀಕ್ಷೆ ಇಲ್ಲ. ಈ ಗುಂಪಿನ ರಿಯಾಕ್ಷನ್‌ಗಳಲ್ಲಿ ಬಹುಪಾಲಿಗೆ ಐಜಿಇ ಕಾರಣವೇ ಅಲ್ಲ. ಡೋಲೋ ನುಂಗಿ ಏನೂ ಆಗಿಲ್ಲ ಎಂಬುದರಿಂದ ಡೈಕ್ಲೋಫೆನಾಕ್ ನಿರಪರಾಧಿ ಎಂದೂ ಆಗುವುದಿಲ್ಲ. ಪ್ಯಾರಾಸಿಟಮಾಲ್ ಬಹಳ ಜನಕ್ಕೆ ಒಗ್ಗುತ್ತದೆ, ಉಳಿದವು ಒಗ್ಗದಿದ್ದರೂ.

ಇದನ್ನು ಒತ್ತಿ ಹೇಳಲು ಕಾರಣ ನಿಮ್ಮ ಆಪರೇಷನ್. ಆಪರೇಷನ್ ಆದ ಸಂಜೆ ನೋವಿಗೆ ಕೊಡುವುದು ಬಹಳ ಕಡೆ ಡೈಕ್ಲೋಫೆನಾಕ್ ಅಥವಾ ಕೆಟೊರೊಲಾಕ್ ಇಂಜೆಕ್ಷನ್. ಫೈಲ್ ಮೇಲೆ ದೊಡ್ಡದಾಗಿ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದು, ಎಲ್ಲರೂ ಅದನ್ನೇ ಕಾಯುತ್ತಾ ಕೂತು, ವಾರ್ಡಿನಲ್ಲಿ ಸಲೀಸಾಗಿ ಡೈಕ್ಲೋಫೆನಾಕ್ ಹಾಕಿಬಿಟ್ಟರೆ? ಆದ್ದರಿಂದ ಪರೀಕ್ಷೆ ಮುಗಿಯುವ ತನಕ ಎರಡೂ ಹೆಸರನ್ನು ಹೇಳಿ. ಸರ್ಜನ್‌ಗೂ ಹೇಳಿ, ಅರಿವಳಿಕೆ ಡಾಕ್ಟರಿಗೂ ಬೇರೆಯಾಗಿ ಹೇಳಿ.

ಟೆಸ್ಟ್ ಡೋಸ್ ಬಗ್ಗೆ ಕೇಳಿದ್ದೀರಿ. ಇಂಜೆಕ್ಷನ್ ಕೊಡುವ ಮೊದಲು ಅದೇ ಔಷಧಿಯ ಒಂದು ಹನಿಯನ್ನು ಮುಂಗೈ ಚರ್ಮದೊಳಗೆ ಹಾಕಿ, ಪೆನ್ನಿನಲ್ಲಿ ಸುತ್ತ ಗೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಸಿಸ್ಟರ್ ಬಂದು ನೋಡುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಔಷಧಿಯನ್ನು ಸರಿಯಾದ ಅಳತೆಗೆ ತೆಳು ಮಾಡದಿದ್ದರೆ ಅಲರ್ಜಿ ಇಲ್ಲದವರ ಚರ್ಮವೂ ಬರೀ ಉರಿಗೇ ಕೆಂಪಾಗುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ಬೇರೆ ಚುಚ್ಚು ಇರುವುದಿಲ್ಲ. ಹಿಂದೆ ಯಾವ ತೊಂದರೆಯೂ ಇಲ್ಲದವರಿಗೆ ಇದರಿಂದ ಪ್ರಯೋಜನ ಕಡಿಮೆ. ಹಿಂದೆ ನಿಜವಾದ ರಿಯಾಕ್ಷನ್ ಆದ ನಿಮ್ಮಂಥವರಿಗೆ ಗಡಿಬಿಡಿಯಲ್ಲಿ ಹಾಕುವ ಆ ಒಂದು ಹನಿ ಸಾಲುವುದೂ ಇಲ್ಲ, ಪೂರ್ತಿ ಸುರಕ್ಷಿತವೂ ಅಲ್ಲ.

ಅಲರ್ಜಿ ವಿಭಾಗದಲ್ಲಿ ಮಾಡುವ ಚರ್ಮ ಪರೀಕ್ಷೆ ನೋಡಲು ಹೀಗೇ ಕಂಡರೂ ಬೇರೆ. ಮುಂಗೈ ಮೇಲೆ ಸಾಲಾಗಿ ಗುರುತು ಹಾಕುತ್ತೇವೆ. ಒಂದರ ಮೇಲೆ ಬರೀ ಉಪ್ಪುನೀರಿನ ಸಲೈನ್, ಅಲ್ಲಿ ಏನೂ ಏಳಬಾರದು. ಒಂದರ ಮೇಲೆ ಹಿಸ್ಟಮಿನ್, ಅಲ್ಲಿ ಸೊಳ್ಳೆ ಕಚ್ಚಿದಷ್ಟು ಗುಳ್ಳೆ ಏಳಲೇಬೇಕು. ಅದು ಎದ್ದರೆ ಚರ್ಮ ಎಚ್ಚರವಾಗಿದೆ ಎಂದರ್ಥ. ಮಿಕ್ಕ ಗುರುತುಗಳ ಮೇಲೆ ಔಷಧಿ. ಬೆಂಜೈಲ್ ಪೆನಿಸಿಲಿನ್ ಮಿಲಿಲೀಟರಿಗೆ 10,000 ಯೂನಿಟ್, ಅಮಾಕ್ಸಿಸಿಲಿನ್ 20 ಮಿಲಿಗ್ರಾಂ, ಇದಕ್ಕಿಂತ ಗಟ್ಟಿ ಇರಬಾರದು. ಮೊದಲು ಚರ್ಮದ ಮೇಲ್ಪದರಕ್ಕೆ ಮಾತ್ರ ಚುಚ್ಚುತ್ತೇವೆ. 15-20 ನಿಮಿಷ ಕಾಯುತ್ತೇವೆ. ಸ್ಕೇಲ್ ಇಟ್ಟು ಅಳೆಯುತ್ತೇವೆ, ಸಲೈನ್‌ಗಿಂತ 3 ಮಿಲಿಮೀಟರ್ ದೊಡ್ಡದಾದರೆ ಪಾಸಿಟಿವ್. ಏನೂ ಏಳದಿದ್ದರೆ ಮಾತ್ರ ಚರ್ಮದೊಳಗಿನ ಚುಚ್ಚು. ಸೀನಿಗೆಂದು ನೀವು ಲೆವೊಸೆಟಿರಿಜಿನ್ ನುಂಗುತ್ತಿದ್ದರೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಹಿಸ್ಟಮಿನ್ ಗುಳ್ಳೆಯೇ ಏಳುವುದಿಲ್ಲ. ಬಿ.ಪಿ. ಮಾತ್ರೆ ಇದ್ದರೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಚರ್ಮ ಪರೀಕ್ಷೆ ನೆಗೆಟಿವ್ ಬಂದರೂ ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೆ ಅದೇ ಔಷಧಿಯನ್ನು ನಮ್ಮ ಕಣ್ಣೆದುರಿಗೆ ನುಂಗಿಸುತ್ತೇವೆ. ಮೊದಲು ಸ್ವಲ್ಪ, ಅರ್ಧ-ಒಂದು ಗಂಟೆ ಬಿಟ್ಟು ಇನ್ನಷ್ಟು, ಕೊನೆಗೆ ಪೂರ್ತಿ ಡೋಸ್. ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜ್, ಆಕ್ಸಿಜನ್, ಬಿ.ಪಿ. ನೋಡುವವರು ಇರುತ್ತಾರೆ. ಪೂರ್ತಿ ಡೋಸ್ ಆದ ಮೇಲೂ ಕನಿಷ್ಠ ಎರಡು ಗಂಟೆ ಕೂರಿಸುತ್ತೇವೆ. ಕೊನೆಯ ಮಾತು ಹೇಳುವುದು ಈ ಪರೀಕ್ಷೆಯೇ. ಇದರಲ್ಲಿ ಅಪಾಯ ಇಲ್ಲವೆಂದು ಹೇಳಲಾರೆ. ಗಂಧೆ ಏಳಬಹುದು, ಅಪರೂಪಕ್ಕೆ ಬಿ.ಪಿ. ಬೀಳಬಹುದು. ಆದರೆ ಅದು ಆಗುವುದು ಸಿದ್ಧವಾಗಿರುವ ಜಾಗದಲ್ಲಿ, ಹಗಲು ಹೊತ್ತಿನಲ್ಲಿ, ನೀವು ಎಚ್ಚರವಿರುವಾಗ. ಹಾಗಾಗಿಯೇ ಇದನ್ನು ಮನೆಯಲ್ಲೋ ಸಣ್ಣ ಕ್ಲಿನಿಕ್‌ನಲ್ಲೋ ಮಾಡಬಾರದು. ಡೈಕ್ಲೋಫೆನಾಕ್‌ಗೂ ಇದೇ ಕ್ರಮ, ಬೇರೆ ದಿನ.

ಕೆಲವರು ಈ ಪರೀಕ್ಷೆಗೆ ಬರಲೇಬಾರದು. ಔಷಧಿ ನುಂಗಿದ ಕೆಲವು ದಿನಕ್ಕೋ ವಾರಕ್ಕೋ ಮೈಮೇಲೆ ನೀರುಗುಳ್ಳೆ ಎದ್ದು ಚರ್ಮ ಸುಲಿದಿದ್ದರೆ, ಬಾಯಿ, ಕಣ್ಣು ಹುಣ್ಣಾಗಿದ್ದರೆ, ಜ್ವರದ ಜೊತೆ ಮುಖ ಊದಿ ಲಿವರ್‌ಗೆ ಪೆಟ್ಟು ಬಿದ್ದಿದ್ದರೆ ಆ ಔಷಧಿಯನ್ನು ಮತ್ತೆ ಎಂದೂ ಕೊಡಬಾರದು. ಅಂಥ ರಿಯಾಕ್ಷನ್ ಐಜಿಇಯಿಂದ ಆಗುವುದಲ್ಲ. ನಿಮ್ಮ ಪ್ಯಾನೆಲ್‌ನಂಥ ರಕ್ತ ಪರೀಕ್ಷೆಯಲ್ಲಿ ಅದು ಕಾಣುವುದೂ ಇಲ್ಲ. ನಿಮಗೆ ಹಾಗೇನೂ ಆಗಿಲ್ಲ.

ಅಮ್ಮ ಹೇಳುವ ಹಾಸನದ ಇಂಜೆಕ್ಷನ್ ಕಥೆಗೆ ನಾನು ಕಡಿಮೆ ತೂಕ ಕೊಡುತ್ತೇನೆ. ಅಮ್ಮ ಹೇಳಿದ್ದು ಸುಳ್ಳು ಎಂದಲ್ಲ. ಪೆನಿಸಿಲಿನ್ ಅಲರ್ಜಿ ಹೆಚ್ಚಿನವರಲ್ಲಿ ಕಾಲ ಕಳೆದಂತೆ ಕರಗುತ್ತದೆ. ಹತ್ತು ವರ್ಷ ಆ ಔಷಧಿಯಿಂದ ದೂರವಿದ್ದರೆ ನಿಜವಾದ ಅಲರ್ಜಿ ಇದ್ದವರಲ್ಲೂ ಸುಮಾರು 80 ಶೇಕಡಾ ಜನರ ಚರ್ಮ ಪರೀಕ್ಷೆ ನೆಗೆಟಿವ್ ಆಗುತ್ತದೆ. ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರ ಫೈಲ್ ಮೇಲೆ ಪೆನಿಸಿಲಿನ್ ಅಲರ್ಜಿ ಎಂಬ ಚೀಟಿ ಇರುತ್ತದೆ. ಕೂರಿಸಿ ಪರೀಕ್ಷೆ ಮಾಡಿದರೆ ಅವರಲ್ಲಿ 90 ಶೇಕಡಾಕ್ಕಿಂತ ಹೆಚ್ಚು ಜನ ಆರಾಮಾಗಿ ಪೆನಿಸಿಲಿನ್ ತೆಗೆದುಕೊಳ್ಳುತ್ತಾರೆ. ನಮ್ಮಲ್ಲೂ ‘ಆ ಮಾತ್ರೆ ನನಗೆ ಉಷ್ಣ ಆಗುತ್ತೆ, ಬಾಯಿ ಹುಣ್ಣಾಗುತ್ತೆ’ ಎಂಬುದು, ‘ನುಂಗಿದರೆ ಭೇದಿ’ ಎಂಬುದು, ಎಲ್ಲವೂ ಫೈಲಿನಲ್ಲಿ ಅಲರ್ಜಿ ಎಂದೇ ಬರೆಸಿಕೊಳ್ಳುತ್ತವೆ. ಅವು ಅಡ್ಡಪರಿಣಾಮಗಳು. ಕಿರಿಕಿರಿ ನಿಜ, ಆದರೆ ಜೀವಕ್ಕೆ ಬರುವ ಅಲರ್ಜಿಯಲ್ಲ.

ನಿಮ್ಮ ಹಲ್ಲಿನ ಪ್ರಸಂಗ ಮಾತ್ರ ಹಾಗೆ ತಳ್ಳಿಹಾಕುವಂಥದ್ದಲ್ಲ. ಐದು ವರ್ಷದೊಳಗೆ ಆಗಿದೆ, ತುಟಿ ಊದಿದೆ, ಇಂಜೆಕ್ಷನ್ ಬೇಕಾಗಿದೆ. ಈ ಮೂರೂ ಸೇರಿದರೆ ನಮ್ಮ ಲೆಕ್ಕದಲ್ಲಿ ಹೆಚ್ಚಿನ ಅಪಾಯದ ಗುಂಪು.

ಹಾಗಾದರೆ ಆಪರೇಷನ್‌ಗೆ ಏನು ಮಾಡುವುದು? ಎರಡು ತಿಂಗಳಿದೆ, ಸಾಕಷ್ಟು ಸಮಯ. ನನ್ನ ಆಯ್ಕೆ, ಅಷ್ಟರೊಳಗೆ ಔಷಧಿ ಅಲರ್ಜಿ ಪರೀಕ್ಷೆ ಮಾಡುವ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿ ಚರ್ಮ ಪರೀಕ್ಷೆ, ನುಂಗಿಸುವ ಪರೀಕ್ಷೆ ಎರಡನ್ನೂ ಮುಗಿಸುವುದು. ಒಂದೆರಡು ದಿನ ರಜೆ ಹಾಕಬೇಕು, ಖರ್ಚೂ ಇದೆ. ಅದು ಆಗಲಿಲ್ಲ ಎಂದಿಟ್ಟುಕೊಳ್ಳಿ, ಆಗಲೂ ದಾರಿ ಇದೆ. ಮೊದಲು ಸರ್ಜನ್‌ರನ್ನೇ ಕೇಳಿ, ‘ನನಗೆ ಆ್ಯಂಟಿಬಯೋಟಿಕ್ ಬೇಕೇ ಬೇಕಾ ಡಾಕ್ಟ್ರೇ?’ ಎಂದು. ಸೋಂಕಿಲ್ಲದ, ಮೊದಲೇ ದಿನ ಗೊತ್ತುಮಾಡಿ ಸಣ್ಣ ತೂತಿನಲ್ಲಿ ಮಾಡುವ ಪಿತ್ತಕೋಶದ ಆಪರೇಷನ್‌ನಲ್ಲಿ, ಬೇರೆ ಕಾಯಿಲೆ ಇಲ್ಲದವರಿಗೆ, ಅದು ಕಡ್ಡಾಯವಲ್ಲ. ಬೇಕು ಎಂದರೆ ಸೆಫಲೊಸ್ಪೊರಿನ್ ಗುಂಪಿನ ಸೆಫಾಜೋಲಿನ್ ಎಂಬುದಿದೆ. ಪೆನಿಸಿಲಿನ್ ಅಲರ್ಜಿ ಇರುವ ಹತ್ತರಲ್ಲಿ ಒಬ್ಬರಿಗೆ ಸೆಫಲೊಸ್ಪೊರಿನ್ ಗುಂಪೂ ಆಗುವುದಿಲ್ಲ ಎಂದು ಹಿಂದೆ ಕಲಿಸುತ್ತಿದ್ದರು. ಈಗ ಆ ಲೆಕ್ಕ ಸುಮಾರು 2 ಶೇಕಡಾಕ್ಕೆ ಇಳಿದಿದೆ. ಅಲರ್ಜಿ ತಾಗುವುದು ಬಹುಮಟ್ಟಿಗೆ ಅಣುವಿನ ಪಕ್ಕದ ಕೊಂಡಿ ಒಂದೇ ಥರ ಇದ್ದಾಗ. ಸೆಫಾಜೋಲಿನ್‌ನ ಕೊಂಡಿ ಪೆನಿಸಿಲಿನ್ ಗುಂಪಿನ ಯಾವುದಕ್ಕೂ ಹೋಲುವುದಿಲ್ಲ. ಅಮಾಕ್ಸಿಸಿಲಿನ್‌ಗೆ ಹೋಲುವ ಸೆಫಾಡ್ರಾಕ್ಸಿಲ್, ಸೆಫಾಲೆಕ್ಸಿನ್, ಸೆಫಾಕ್ಲಾರ್ ಮಾತ್ರ ಪರೀಕ್ಷೆ ಆಗುವ ತನಕ ಬೇಡ.

ಪೆನಿಸಿಲಿನ್ ಕುಟುಂಬವನ್ನೇ ಜೀವನಪೂರ್ತಿ ಬಿಟ್ಟುಬಿಡುತ್ತೇನೆ ಎನ್ನುವವರೂ ಇದ್ದಾರೆ. ಸುಲಭದ ದಾರಿ ಅನ್ನಿಸುತ್ತದೆ. ಆದರೆ ಬದಲಿಗೆ ಕೊಡುವ ಔಷಧಿಗಳು ಎಷ್ಟೋ ಸೋಂಕಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಬೆಲೆ ಜಾಸ್ತಿ, ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಹೆಚ್ಚು ಕೆಡಿಸುತ್ತವೆ. ಕೆಲವರಿಗಂತೂ ಬದಲಿಯೇ ಇಲ್ಲ. ಗರ್ಭಿಣಿಯಲ್ಲಿ ಸಿಫಿಲಿಸ್ ಇದ್ದರೆ ಪೆನಿಸಿಲಿನ್ನೇ ಆಗಬೇಕು. ಅಂಥವರಿಗೆ ಅಲರ್ಜಿ ಖಚಿತವಾಗಿದ್ದರೂ ಆಸ್ಪತ್ರೆಯಲ್ಲಿ ಮಲಗಿಸಿ, ಕಣದಷ್ಟರಿಂದ ಶುರುಮಾಡಿ, ಹಂತ ಹಂತವಾಗಿ ಏರಿಸಿ ದೇಹವನ್ನು ಒಗ್ಗಿಸುತ್ತೇವೆ. ಆ ಒಗ್ಗುವಿಕೆ ಔಷಧಿ ನಡೆಯುತ್ತಿರುವ ತನಕ ಮಾತ್ರ. ನಿಮಗೆ ಇದು ಬೇಕಾಗುವುದಿಲ್ಲ.

ಒಂದು ರಕ್ತ ಪರೀಕ್ಷೆ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದು ಟ್ರಿಪ್ಟೇಸ್. ರಿಯಾಕ್ಷನ್ ಆದ ಒಂದೆರಡು ಗಂಟೆಯೊಳಗೆ, ತಡವೆಂದರೆ ನಾಲ್ಕು ಗಂಟೆಯೊಳಗೆ ರಕ್ತ ತೆಗೆಯಬೇಕು. ಒಂದು ದಿನ ಕಳೆದು ಇನ್ನೊಮ್ಮೆ ತೆಗೆದು ಹೋಲಿಸಬೇಕು. ಮಾಸ್ಟ್ ಕೋಶ ಒಡೆದದ್ದು ಅದರಲ್ಲಿ ಗೊತ್ತಾಗುತ್ತದೆ. ಯಾವ ಔಷಧಿಯಿಂದ ಎಂದು ಹೇಳುವುದಿಲ್ಲ, ಆಗಿದ್ದು ಅಲರ್ಜಿಯಾ ಅಲ್ಲವಾ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ಅರಿವಳಿಕೆ ಡಾಕ್ಟರಿಗೆ ಇದು ಗೊತ್ತಿರುತ್ತದೆ. ನೀವೂ ಒಮ್ಮೆ ನೆನಪಿಸಿದರೆ ಅವರು ಬೇಸರಪಡುವುದಿಲ್ಲ.

ಮಗನ ವಿಷಯಕ್ಕೆ ಮನಸ್ಸು ಹಗುರ ಮಾಡಿಕೊಳ್ಳಿ. ಔಷಧಿ ಅಲರ್ಜಿ ತಾಯಿಯಿಂದ ಮಗುವಿಗೆ ಹಾಗೆ ನೇರವಾಗಿ ಬರುವುದಿಲ್ಲ. ನಿಮಗೆ ಆಗುವುದಿಲ್ಲ ಎಂಬ ಕಾರಣಕ್ಕೆ ಅವನಿಗೆ ಔಷಧಿ ತಪ್ಪಿಸಬೇಕಿಲ್ಲ. ಐದನೇ ದಿನ, ತುರಿಕೆ ಇಲ್ಲದ ಕೆಂಪು ಚುಕ್ಕೆ, ಜೊತೆಗೆ ಜ್ವರ. ಮಕ್ಕಳಲ್ಲಿ ಇದು ಹೆಚ್ಚಾಗಿ ವೈರಸ್ಸಿನದೇ ಕೆಲಸ. ಸಿರಪ್ ಆ ಹೊತ್ತಿಗೆ ನಡೆಯುತ್ತಿತ್ತು ಎಂಬ ಕಾರಣಕ್ಕೆ ಅಪವಾದ ಅದರ ಮೇಲೆ ಬಂತು. ಇಂಥ ಮಕ್ಕಳಿಗೆ ರಕ್ತವೂ ಬೇಡ, ಚರ್ಮ ಪರೀಕ್ಷೆಯೂ ಬೇಡ. ಮಗು ಆರೋಗ್ಯವಾಗಿರುವ ದಿನ ಆಸ್ಪತ್ರೆಯಲ್ಲೇ ಸಿರಪ್ ಕುಡಿಸಿ, ಕೂರಿಸಿಕೊಂಡು ನೋಡುತ್ತಾರೆ. ನೀರುಗುಳ್ಳೆ, ಬಾಯಿಹುಣ್ಣು, ಕೀಲು ಊತ ಆಗ ಇದ್ದವೇ ಎಂಬುದನ್ನು ಮಾತ್ರ ನೆನಪಿಸಿಕೊಂಡು ಹೇಳಿ.

ಈ ವಾರ ಮಾಡಬೇಕಾದ ಕೆಲಸ ಒಂದಿದೆ. ಹಲ್ಲಿನ ಡಾಕ್ಟರ ಹಳೆಯ ಚೀಟಿ, ಇಂಜೆಕ್ಷನ್ ಹಾಕಿದ ಕ್ಲಿನಿಕ್‌ನ ಚೀಟಿ ಹುಡುಕಿ. ಸಿಗದಿದ್ದರೆ ಅವರ ಕ್ಲಿನಿಕ್‌ಗೇ ಹೋಗಿ ಕೇಳಿ. ಮಾತ್ರೆಯ ಸ್ಟ್ರಿಪ್ ಉಳಿದಿದ್ದರೆ ಅದನ್ನೂ ತನ್ನಿ. ಮೆಡಿಕಲ್ ಶಾಪ್‌ನಲ್ಲಿ ಆರು ಮಾತ್ರೆ ಕೇಳಿದರೆ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರೆ, ಹೆಸರಿರುವ ತುಂಡು ಅಂಗಡಿಯಲ್ಲೇ ಉಳಿದುಬಿಡುತ್ತದೆ. ನನ್ನ ಮುಂದೆ ಎಷ್ಟೋ ಜನ ಬರೀ ಬೆಳ್ಳಿ ಬಣ್ಣದ ತುಂಡು ತಂದು ‘ಇದೇ ಡಾಕ್ಟ್ರೇ’ ಎಂದು ಟೇಬಲ್ ಮೇಲೆ ಇಟ್ಟಿದ್ದಾರೆ. ಪಾಪ, ಅವರ ತಪ್ಪಲ್ಲ. ಮುಂದೆ ಯಾವುದೇ ಮಾತ್ರೆ ಕೊಂಡರೂ ಕತ್ತರಿಸುವ ಮೊದಲು ಸ್ಟ್ರಿಪ್‌ನ ಹಿಂಭಾಗದ ಫೋಟೊ ತೆಗೆದುಕೊಳ್ಳಿ. ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧಿಯ ನಿಜವಾದ ಹೆಸರೂ ಇರುತ್ತದೆ, ಅದು ಫೋಟೊದಲ್ಲಿ ಓದುವಂತಿರಲಿ. ಮೈಮೇಲೆ ಏನಾದರೂ ಎದ್ದರೆ ಅದರದ್ದೂ ಒಂದು ಫೋಟೊ, ಎಷ್ಟು ಗಂಟೆಗೆ ಎಂದು ಗೊತ್ತಾಗುವ ಹಾಗೆ. ಗಂಟಲು ಬಿಗಿದರೆ, ಧ್ವನಿ ಬದಲಾದರೆ, ಉಸಿರು ಸಿಕ್ಕಿದರೆ, ತಲೆ ತಿರುಗಿ ಕಣ್ಣು ಕತ್ತಲೆ ಬಂದರೆ ಫೋಟೊ ಬಿಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಆಗ ಜೀವ ಉಳಿಸುವುದು ತೊಡೆಗೆ ಹಾಕುವ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ನುಂಗಿ ಮನೆಯಲ್ಲಿ ಕಾಯುವ ಹೊತ್ತಲ್ಲ ಅದು.

ಲ್ಯಾಬ್ ವರದಿಯನ್ನು ಹರಿದು ಹಾಕಬೇಡಿ, ಅದನ್ನೂ ತನ್ನಿ. ಆದರೆ ಸಿಪ್ರೊಫ್ಲಾಕ್ಸಾಸಿನ್ ಆಗುವುದಿಲ್ಲ ಎಂದು ಆಸ್ಪತ್ರೆಯ ಫೈಲಿನಲ್ಲಿ ಯಾರಾದರೂ ಆಗಲೇ ಬರೆದಿದ್ದರೆ, ಹೋದ ವರ್ಷ ಐದು ದಿನ ನುಂಗಿದ್ದನ್ನು ತೋರಿಸಿ, ಆ ಸಾಲನ್ನು ಹೊಡೆದು ಹಾಕಿಸಿ.